ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ಸೇಡೂ

ಅನ್ಯಾಯವನ್ನು ಕಂಡು ಮನಸ್ಸು ಕುದಿಯುವುದು ಸಹಜ. ಲಂಚವಿಲ್ಲದೆ ಅಲುಗದ ಕಡತ, ವರ್ಷಗಟ್ಟಲೆ ಮುಂದಕ್ಕೆ ಹೋಗುವ ವಾಯಿದೆ, ಬಲಿಷ್ಠನೆದುರು ಮೌನ ತಾಳುವ ಸಾಕ್ಷಿ, ಇವುಗಳಿಂದ ಬೇಸತ್ತವನಿಗೆ ತಾನೇ ತೀರ್ಪು ಕೊಟ್ಟು ತಾನೇ ದಂಡಿಸುವ ನಾಯಕ ಪ್ರಿಯನಾಗುತ್ತಾನೆ. ಶಂಕರ್ ನಿರ್ದೇಶಿಸಿ ವಿಕ್ರಮ್ ನಟಿಸಿದ 2005ರ ತಮಿಳು ಚಿತ್ರ ‘ಅನ್ನಿಯನ್’ ಅಂತಹ ನಾಯಕನ ಕಥೆ. ‘ಅಪರಿಚಿತ್’ ಎಂಬ ಹೆಸರಿನಿಂದ ಹಿಂದಿಗೆ ಬಂದ ಮೇಲೆ ತಮಿಳು ಅರಿಯದವರಿಗೂ ಅದು ಪರಿಚಿತವಾಯಿತು.

ಚಿತ್ರದ ಅಂಬಿ ನಿಯಮನಿಷ್ಠನಾದ ಸಾಧು ವಕೀಲ. ಬಾಲ್ಯದಲ್ಲಿ ಅವನ ತಂಗಿ ಮಳೆನೀರಿನಲ್ಲಿ ಹರಿದ ವಿದ್ಯುತ್ತಿಗೆ ಬಲಿಯಾಗಿದ್ದಳು. ಅದು ಒಬ್ಬನ ಕರ್ತವ್ಯಲೋಪದ ಫಲ. ಆ ನೋವು ಅವನೊಳಗೆ ‘ಅನ್ನಿಯನ್’ ಎಂಬ ಇನ್ನೊಬ್ಬನನ್ನು ಹುಟ್ಟಿಸುತ್ತದೆ. ಗರುಡಪುರಾಣದ ನರಕಶಿಕ್ಷೆಗಳನ್ನು ಅವನು ಭೂಮಿಯ ಮೇಲೆಯೇ ವಿಧಿಸುತ್ತಾನೆ. ಕೊನೆಗೆ, ಚಿಕಿತ್ಸೆಯಿಂದ ಗುಣವಾದನೆಂದು ಬಿಡುಗಡೆ ಹೊಂದಿದ ಮೇಲೂ, ತಂಗಿಯ ಸಾವಿಗೆ ಕಾರಣನಾದವನನ್ನು ಕಂಡೊಡನೆ ಚಲಿಸುವ ರೈಲಿನಿಂದ ಹೊರಗೆಸೆಯುತ್ತಾನೆ. ಚಿತ್ರ ಮುಗಿಯುತ್ತದೆ, ವೈರ ಮುಗಿಯುವುದಿಲ್ಲ. ಪ್ರೇಕ್ಷಕನಾದರೋ ಚಪ್ಪಾಳೆ ತಟ್ಟುತ್ತಾನೆ.

ಜೈನಾಗಮ ಹೇಳುವ ನರಕದಲ್ಲಿ ಶಿಕ್ಷೆ ವಿಧಿಸುವ ನ್ಯಾಯಾಧಿಪತಿಯಿಲ್ಲ. ನಾರಕಿಗಳು ಹಿಂದಿನ ಭವದ ಹಗೆಯನ್ನು ನೆನೆದು ಪರಸ್ಪರ ಪೀಡಿಸಿಕೊಳ್ಳುತ್ತಾರೆ. ಮೂರನೆಯ ನರಕದವರೆಗೆ ಅಸುರಕುಮಾರರು ಆ ಹಗೆಯನ್ನು ಕೆರಳಿಸಿ ನೋಡಿ ಸಂತೋಷಪಡುತ್ತಾರೆ. ಹಾಗೆ ನೋಡಿ ಸಂತೋಷಪಡುವವರಿಗೂ ಪಾಪಬಂಧ ತಪ್ಪದು. ವೈರದ ನೆನಪು ಎಲ್ಲಿ ಆರದೋ ಅಲ್ಲಿಯೇ ನರಕ ಎಂಬುದು ಇದರ ತಾತ್ಪರ್ಯ.

ಚಪ್ಪಾಳೆಯ ವಿಚಾರವನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುತ್ತದೆ. ಸಂಕಲ್ಪ, ಸಿದ್ಧತೆ, ಕಾರ್ಯಾರಂಭ ಎಂಬ 3 ಹಂತಗಳು. ಮನ, ವಚನ, ಕಾಯ ಎಂಬ 3 ಯೋಗಗಳು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ 3 ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ 4 ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ 108 ಮಣಿಗಳು ಈ 108 ಪಾಪದ್ವಾರಗಳನ್ನು ನೆನಪಿಸುತ್ತವೆಂದು ಹಿರಿಯರು ವಿವರಿಸುವುದುಂಟು. ಕೈ ಕತ್ತಿ ಹಿಡಿಯದಿದ್ದರೂ ಮನಸ್ಸು ‘ಭಲೇ’ ಎಂದಾಗ ಅನುಮೋದನೆಯ ಬಾಗಿಲು ತೆರೆಯುತ್ತದೆ. ಹಿಂಸೆಯಲ್ಲಿ ಆನಂದಪಡುವ ಚಿತ್ತವನ್ನು ಆಚಾರ್ಯರು ರೌದ್ರಧ್ಯಾನವೆಂದು ಕರೆದಿದ್ದಾರೆ.

ತೆರೆಯ ಮೇಲಿನ ರಕ್ತ ಬರಿಯ ಬಣ್ಣವಲ್ಲವೇ ಎಂದು ಕೇಳಬಹುದು. ಆ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರವಿದೆ. ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಹಿಟ್ಟನ್ನು ಕೊಯ್ದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಅದಕ್ಕಾಗಿ ತಾಯಿಯೂ ಮಗನೂ ಪಶುಪಕ್ಷಿಗಳಾಗಿ ಭವಭವಗಳಲ್ಲಿ ನೊಂದರು. ಸಿನಿಮಾ ನೋಡುವುದೆಲ್ಲ ಬಲಿಗೆ ಸಮವೆಂದು ಇದರ ಅರ್ಥವಲ್ಲ. ಆದರೆ ಖಳನ ಸಾವಿನಲ್ಲಿ ತನ್ನ ನಿಜಜೀವನದ ಹಗೆಯವನ ಮುಖವನ್ನು ಕಂಡು ತಣಿಯುವವನು ತನ್ನೊಳಗೆ ಒಂದು ಹಿಟ್ಟಿನ ಕೋಳಿಯನ್ನು ಕೊಯ್ಯುತ್ತಾನೆ.

ಹಾಗಾದರೆ ಅನ್ಯಾಯವನ್ನು ಸಹಿಸುತ್ತ ಕುಳಿತಿರಬೇಕೇ? ಜೈನಧರ್ಮ ಹಾಗೆ ಹೇಳುವುದಿಲ್ಲ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಪೂರ್ಣವಾಗಿ ಬಿಡಲೇಬೇಕಾದುದು ಸಂಕಲ್ಪಿ ಹಿಂಸೆ ಎನ್ನುತ್ತದೆ. ಮನೆಮಂದಿಯನ್ನೂ ನಾಡನ್ನೂ ಕಾಯಲು ಅನಿವಾರ್ಯವಾಗಿ ಎದುರಾಗುವ ವಿರೋಧಿ ಹಿಂಸೆ ಅವನಿಗೆ ಸಂಪೂರ್ಣ ನಿಷಿದ್ಧವಲ್ಲ. ಬೀಳುತ್ತಿರುವ ಏಟನ್ನು ತಡೆಯುವುದು ರಕ್ಷಣೆ; ಏಟು ಬಿದ್ದು ವರ್ಷ ಕಳೆದ ಮೇಲೆ ಹುಡುಕಿಕೊಂಡು ಹೋಗಿ ಹೊಡೆಯುವುದು ಸೇಡು. ಇವೆರಡರ ನಡುವಿನ ಗೆರೆಯನ್ನು ಇಂತಹ ಚಿತ್ರಗಳು ಅಳಿಸಿಬಿಡುತ್ತವೆ.

ಪಾರ್ಶ್ವನಾಥ ತೀರ್ಥಂಕರರ ಭವಾವಳಿಯಲ್ಲಿ ಆ ಗೆರೆ ಸ್ಪಷ್ಟವಾಗಿದೆ. ಮರುಭೂತಿಯ ಪತ್ನಿಗೆ ಅವನ ಅಣ್ಣ ಕಮಠನೇ ದ್ರೋಹವೆಸಗಿದಾಗ ಅರಸ ಅರವಿಂದನು ಕಮಠನನ್ನು ನಾಡಿನಿಂದ ಹೊರಗಟ್ಟಿದನು. ದಂಡ ವಿಧಿಸಿದ್ದು ರಾಜ್ಯ. ಮರುಭೂತಿ ಹಗೆಯನ್ನು ಇಟ್ಟುಕೊಳ್ಳದೆ ಅಣ್ಣನನ್ನು ಸಂತೈಸಲು ಹೋದನು. ಕಮಠನು ಕಲ್ಲಿನಿಂದ ಜಜ್ಜಿ ಅವನನ್ನು ಕೊಂದನು. ನ್ಯಾಯವೂ ಕ್ಷಮೆಯೂ ಒಂದೇ ಕಥೆಯಲ್ಲಿ ಜೊತೆಯಾಗಿ ನಿಂತವು. ಸೇಡು ಮಾತ್ರ ಭವದಿಂದ ಭವಕ್ಕೆ ಬೆನ್ನಟ್ಟಿತು. ಕೊನೆಯ ಭವದಲ್ಲಿ ಅದೇ ಕಮಠನ ಜೀವ ಶಂಬರದೇವನಾಗಿ, ಧ್ಯಾನಸ್ಥ ಪಾರ್ಶ್ವರ ಮೇಲೆ ಬಿರುಮಳೆ ಸುರಿಸಿತು. ಧರಣೇಂದ್ರನು ಹೆಡೆಯೆತ್ತಿ ಕಾಯ್ದನು. ಪೀಡಿಸಿದವನಲ್ಲಿಯೂ ಕಾಯ್ದವನಲ್ಲಿಯೂ ಪಾರ್ಶ್ವರು ಸಮಭಾವ ತಾಳಿದರು. ಕೇವಲಜ್ಞಾನ ಪ್ರಾಪ್ತವಾಯಿತು, ಶಂಬರನ ಹಗೆಯೂ ಕರಗಿತು. ತಿಕೋಟಾ, ಬಬಲೇಶ್ವರಗಳ ಶ್ರಾವಕರು ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿ ಕಾಣುವ ಆ ಹೆಡೆಗಳು ವೈರ ಸೋತು ಕೊನೆಗೊಂಡ ಗಳಿಗೆಯ ಕುರುಹು.

ಈ ಸೀಮೆಗೆ ಸೇಡಿನ ಬೆಲೆ ಗೊತ್ತಿಲ್ಲದುದೇನಲ್ಲ. ಹಗೆತನದ ಕಥೆಗಳಿಂದಾಗಿ ಭೀಮಾ ತೀರದ ಹೆಸರು 2012ರಲ್ಲಿ ಕನ್ನಡ ಚಿತ್ರವೊಂದರ ಶೀರ್ಷಿಕೆಯೂ ಆಯಿತು. ಹೊಲದ ಬದುವಿನಲ್ಲಿ, ಬಾವಿಯ ನೀರಿನ ಸರದಿಯಲ್ಲಿ ಹುಟ್ಟಿದ ಮಾತು ಮೊಮ್ಮಕ್ಕಳ ಕಾಲಕ್ಕೂ ಆರದಿದ್ದರೆ ಅದು ಕಲ್ಲಿನ ಮೇಲೆ ಕೊರೆದ ಗೆರೆಯಂತಹ ಕ್ರೋಧ. ನೀರಿನ ಮೇಲೆ ಎಳೆದ ಗೆರೆಯಂತೆ ಕ್ರೋಧ ಅಳಿಯಬೇಕೆಂಬುದು ಆಚಾರ್ಯರ ಆಶಯ.

ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರುವುದು, ಸಾಕ್ಷಿ ನುಡಿಯುವುದು, ಲಂಚ ಕೊಡದೆ ನಿಲ್ಲುವುದು, ಇವೆಲ್ಲ ಶ್ರಾವಕಧರ್ಮಕ್ಕೆ ಒಪ್ಪುವ ಹೋರಾಟಗಳೇ. ಅವುಗಳಿಗೆ ಬೇಕಾದ ಧೈರ್ಯ ಕತ್ತಿ ಬೀಸುವವನ ಧೈರ್ಯಕ್ಕಿಂತ ದೊಡ್ಡದು. ನ್ಯಾಯವನ್ನು ಬಿಡದೆ ಕೇಳುವ ನಾಲಿಗೆ, ಹಗೆಯನ್ನು ಬಿಟ್ಟುಕೊಡುವ ಹೃದಯ, ಇವೆರಡೂ ಒಬ್ಬನಲ್ಲಿಯೇ ನೆಲೆಸಿದಾಗ ಕ್ಷಮಾವಾಣಿಯ ದಿನ ಕೇಳುವ ಕ್ಷಮೆಗೆ ಅರ್ಥ ಬರುತ್ತದೆ.