ಸಹಾಯಾರ್ಥ ಪ್ರದರ್ಶನದ ಜೊತೆಗೆ ವರ್ಷದ ವಂತಿಗೆಯೂ ಬೇಕು

ನಮ್ಮ ತಾಲೂಕಿನಲ್ಲಿ ಮನೋರೋಗಿಗಳಿಗಾಗಿ ಕೆಲಸ ಮಾಡುತ್ತಿರುವ ಸೇವಾ ಸಂಸ್ಥೆಯೊಂದು ಈ ವರ್ಷವೂ ಸಹಾಯಾರ್ಥ ಯಕ್ಷಗಾನ ಪ್ರದರ್ಶನ ಏರ್ಪಡಿಸಲಿದ್ದು, ಟಿಕೆಟುಗಳನ್ನು ಮಾರಿಕೊಡುವಂತೆ ನಮ್ಮ ಸಂಘಕ್ಕೆ ಪತ್ರ ಬರೆದಿದೆ. ಟಿಕೆಟುಗಳನ್ನು ಸಂತೋಷದಿಂದಲೇ ಮಾರಿಕೊಡೋಣ. ಆದರೆ ಅಷ್ಟಕ್ಕೇ ನಮ್ಮ ಹೊಣೆ ತೀರಿತೆಂದು ಭಾವಿಸುವುದು ಸರಿಯಲ್ಲ. ವಿಷಯವು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲಿರುವುದರಿಂದ ಸದಸ್ಯ ಬಾಂಧವರು ಮುಂಚಿತವಾಗಿ ಯೋಚಿಸಿ ಬರಲೆಂದು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಎಲ್ಲೋ ಕೆಲವರ ಮನೆಯ ಕಷ್ಟವೆಂದು ಯಾರೂ ತಿಳಿಯಬಾರದು. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಂಘದ ಕಚೇರಿಯಲ್ಲಿ ಕುಳಿತವನಿಗೆ ಇದು ಬೇರೆ ರೂಪದಲ್ಲಿ ಕಾಣುತ್ತದೆ. ಸಾಲದ ಕಂತು ತಪ್ಪುತ್ತದೆ. ಔಷಧಿ ಹೊಡೆಯುವ ಕಾಲ ಮೀರಿ ಕೊಳೆರೋಗಕ್ಕೆ ಅಡಿಕೆ ಉದುರುತ್ತದೆ. ಕಾಫಿ ಗಿಡದ ಚಿಗುರು ತೆಗೆಯುವವರಿಲ್ಲದೆ ತೋಟ ಕಾಡಾಗುತ್ತದೆ. ವಿಚಾರಿಸಿದರೆ ಮನೆಯ ಯಜಮಾನನೋ ಮಗನೋ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಗೆ ಬಂದಿರುವುದಿಲ್ಲ. ಲೈನುಮನೆಗಳಲ್ಲಿರುವ ಕೂಲಿಕಾರರ ಸ್ಥಿತಿಯನ್ನಂತೂ ವಿಚಾರಿಸುವವರೇ ಇಲ್ಲ.

ಒಂದು ಕಾಲದಲ್ಲಿ ಮನೋರೋಗಕ್ಕೆ ಚಿಕಿತ್ಸೆಯೆಂದರೆ ದೂರದ ಊರಿನ ದೊಡ್ಡ ಆಸ್ಪತ್ರೆಯ ಗೋಡೆಯೊಳಗಿನ ಮಾತಾಗಿತ್ತು. ಅದನ್ನು ಹಳ್ಳಿಗೆ ತಂದ ಕೆಲಸದಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. ಮರುವರ್ಷವೇ ಅದರ ಸಮುದಾಯ ಮಾನಸಿಕ ಆರೋಗ್ಯ ವಿಭಾಗ ಆರಂಭವಾಗಿ, ಆನೇಕಲ್ ತಾಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ನಡೆಸಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ರೋಗಗಳನ್ನು ನೋಡಿಕೊಳ್ಳಬಹುದೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಲಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ತೀರ್ಥಹಳ್ಳಿಯದು. ಅಡಿಕೆ ತೋಟಗಳ ನಡುವಿನ ಆ ತಾಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಜ್ಞರು ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗವುಳ್ಳವರನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಾನುಗಟ್ಟಲೆ ಅವರ ಯೋಗಕ್ಷೇಮ ವಿಚಾರಿಸುತ್ತ ಬಂದರು. ಹಲವು ವರ್ಷಗಳಿಂದ ಒಂದು ಮಾತ್ರೆಯನ್ನೂ ಕಾಣದ ರೋಗಿಗಳು ಅಲ್ಲಿದ್ದರು. ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚು ಸ್ವತಂತ್ರವಾಗಿ ಬದುಕಬಲ್ಲರೆಂಬುದು ಅಲ್ಲಿ ಕಂಡುಬಂದಿತು. ಮುಂದೆ ತುರುವೇಕೆರೆ ತಾಲೂಕಿಗೂ ಈ ಕೆಲಸ ವಿಸ್ತರಿಸಿತು. ಗುರುತಿಸುವುದು ಒಂದು ದಿನದ ಕೆಲಸವಾದರೆ, ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದು ವರ್ಷಗಳ ಕೆಲಸ. ಇದೇ ಮುಖ್ಯ ಪಾಠ.

ಚಿಕಿತ್ಸೆ ತಪ್ಪುವುದೆಲ್ಲಿ? ಔಷಧಿಯ ಬೆಲೆಯಿಂದಲೇ ಎಂದು ಅನೇಕರ ಭಾವನೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ಮಂಗಳವಾರ ಬರುವ ವ್ಯವಸ್ಥೆಯೂ ಆಗಿದೆ. ತೊಡಕಿರುವುದು ದಾರಿಯಲ್ಲಿ. ರೋಗಿಯ ಜೊತೆಗೆ ಇನ್ನೊಬ್ಬರು ಹೋಗಬೇಕು; ಇಬ್ಬರ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಯಿತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು, ನಿಜ. ಆದರೆ ಖಾಸಗಿ ಬಸ್ಸೊಂದೇ ಓಡಾಡುವ ಮಲೆನಾಡಿನ ದಾರಿಗಳಲ್ಲಿ ಅದರ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಒಂದು ತಿಂಗಳು ತಪ್ಪುತ್ತದೆ, ರೋಗಿಯೂ ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆ ಬಿಡುತ್ತಾನೆ. ರೋಗ ಮರುಕಳಿಸುತ್ತದೆ.

ಆದ್ದರಿಂದ ಸೇವಾ ಸಂಸ್ಥೆಗೆ ಬೇಕಾದದ್ದು ವರ್ಷವಿಡೀ ನಿಯತವಾಗಿ ಬರುವ ಹಣ. ಸಹಾಯಾರ್ಥ ಪ್ರದರ್ಶನದಿಂದ ಊರಿಗೆ ವಿಷಯ ತಿಳಿಯುತ್ತದೆ, ಅದು ಒಳ್ಳೆಯದೇ. ಆದರೆ ಮೇಳದ ವೀಳ್ಯ, ಪೆಂಡಾಲು, ಮೈಕು, ಬ್ಯಾನರುಗಳ ಖರ್ಚು ಕಳೆದು ಉಳಿಯುವುದು ಎಷ್ಟೆಂದು ಮೊದಲೇ ಹೇಳಲಾಗದು. ಮಳೆ ಬಂದರಂತೂ ಕೈಯಿಂದ ಕೊಡಬೇಕಾದೀತು. ಇನ್ನು ಕೆಲವು ದಾನಿಗಳಿಗೆ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಕಟ್ಟಡವೇ ಬೇಕು. ಕಾರ್ಯಕರ್ತೆಯ ಸಂಬಳಕ್ಕೆ, ಜೀಪಿನ ಡೀಸೆಲಿಗೆ ಕೊಡುವವರು ವಿರಳ.

ನನ್ನ ಸಲಹೆ ಇಷ್ಟೆ. ಮಾಲಿನ ಲೆಕ್ಕ ಚುಕ್ತಾ ಮಾಡುವಾಗ, ಲಿಖಿತ ಒಪ್ಪಿಗೆ ಕೊಟ್ಟ ಸದಸ್ಯರಿಂದ ಮಾತ್ರ, ವರ್ಷಕ್ಕೆ 300 ರೂಪಾಯಿ ವಂತಿಗೆ ಮುರಿದುಕೊಳ್ಳೋಣ. ಈಚಿನ ವರ್ಷಗಳ ಧಾರಣೆಯಲ್ಲಿ ಇದು ಒಂದು ಕಿಲೋ ರಾಶಿ ಅಡಿಕೆಯ ಬೆಲೆಗಿಂತ ಕಡಿಮೆ. 400 ಸದಸ್ಯರು ಒಪ್ಪಿದರೆ 1,20,000 ರೂಪಾಯಿ ಆಗುತ್ತದೆ. ರೋಗಿ ಮತ್ತು ಜೊತೆಗಾರರು ತಿಂಗಳಿಗೊಮ್ಮೆ ಹೋಗಿಬರಲು 200 ರೂಪಾಯಿ ಎಂದಿಟ್ಟುಕೊಂಡರೂ ಈ ಹಣದಿಂದ 50 ರೋಗಿಗಳ ಇಡೀ ವರ್ಷದ ಪ್ರಯಾಣ ವೆಚ್ಚ ನಡೆಯುತ್ತದೆ. 2024-25ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಆಗ ಲಾಭ ಕಂಡವರು ಇನ್ನಷ್ಟು ಸೇರಿಸಿದರೆ ಒಳ್ಳೆಯದು. ಆದರೆ ನಿಧಿಯ ಬುನಾದಿ ಎಲ್ಲರ ಸಣ್ಣ ವಂತಿಗೆಯೇ ಆಗಿರಲಿ. 2001-02ರ ಕಾಫಿ ಬೆಲೆ ಕುಸಿತವನ್ನು ಕಂಡವರಿಗೆ, ಬೆಲೆಯನ್ನು ನಂಬಿದ ದಾನದ ಗತಿ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಕೊಡುವವರಿಗೆ ಕೇಳುವ ಹಕ್ಕೂ ಉಂಟು. ಸಂಸ್ಥೆಯು ಲೆಕ್ಕ ತಪಾಸಣೆ ಮಾಡಿಸಿದ ಜಮಾಖರ್ಚನ್ನು ಪ್ರತಿವರ್ಷ ಈ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಎಷ್ಟು ಮಂದಿ ಚಿಕಿತ್ಸೆಯಲ್ಲಿ ಮುಂದುವರಿದರು, ಎಷ್ಟು ಮಂದಿ ಬಿಟ್ಟರು ಎಂಬ ಸಂಖ್ಯೆಯೂ ಅದರಲ್ಲಿರಲಿ. ಆದರೆ ರೋಗಿಗಳ ಹೆಸರು, ಊರು, ಭಾವಚಿತ್ರ ಎಂದಿಗೂ ಬರಕೂಡದು. ಹಣ ಕೂಡಿಸಲು ರೋಗಿಯನ್ನು ವೇದಿಕೆಗೆ ತಂದು ನಿಲ್ಲಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

‘ಇದು ಸರ್ಕಾರದ ಕೆಲಸ, ಬೆಳೆಗಾರರ ಸಂಘಕ್ಕೇಕೆ?’ ಎಂದು ಕೆಲವರು ಕೇಳಬಹುದು. ಸರ್ಕಾರದ ಕೆಲಸವೆಂಬುದು ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದೇ ಹೇಳಿದೆ. ವೈದ್ಯರು ತಪ್ಪದೆ ಬರಬೇಕು, ಔಷಧಿ ದಾಸ್ತಾನಿರಬೇಕು ಎಂದು ಸಂಘದ ಪರವಾಗಿ ಒತ್ತಾಯಿಸೋಣ. ಆದರೆ ರೋಗಿಯನ್ನು ಮನೆಯಿಂದ ಆಸ್ಪತ್ರೆಯವರೆಗೆ ತಲುಪಿಸುವ ಕೆಲಸಕ್ಕೆ ನೆರೆಹೊರೆಯವರೇ ಬೇಕು. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿ ಸಮುದಾಯದ ಬಗೆಗಿನ ಕಾಳಜಿಯೂ ಒಂದೆಂಬುದನ್ನು ಮರೆಯದಿರೋಣ.

ಹಣವಿಲ್ಲದೆ ಇಂದೇ ಮಾಡಬಹುದಾದ ಕೆಲಸಗಳೂ ಇವೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಇದನ್ನು ತೂಕದ ಕೋಣೆಯಲ್ಲೂ ಲೈನುಮನೆಯಲ್ಲೂ ಬರೆದು ಹಾಕಿರಿ. ತೋಟದ ವಿಷದ ಔಷಧಿಗಳನ್ನು ಬೀಗ ಹಾಕಿ ಇಡಿರಿ. ಬೀಗದ ಕೈ ಒಬ್ಬ ಜವಾಬ್ದಾರರ ಬಳಿ ಇರಲಿ. ದೇವರಿಗೆ ಹರಕೆ ಹೊರುವವರು ಹೊರಲಿ, ಪ್ರಶ್ನೆ ಕೇಳಿಸುವವರು ಕೇಳಿಸಲಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ಅವರಿಗೆ ಹೇಳಿರಿ.

ಒಪ್ಪಿಗೆ ಪತ್ರದ ನಮೂನೆ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ಒಪ್ಪದವರನ್ನು ಯಾರೂ ಬಲವಂತಪಡಿಸುವುದಿಲ್ಲ. ಮಹಾಸಭೆಗೆ ತಪ್ಪದೆ ಬಂದು, ಪರವಾಗಲಿ ವಿರೋಧವಾಗಲಿ, ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ವಿನಂತಿ.

— ಕಾರ್ಯದರ್ಶಿ