ಹಳೇ ಟ್ರ್ಯಾಕ್ಟರ್‌ಗೆ ಟರ್ಬೊ ಹಾಕ್ಸೋದಾ, ಎಂಜಿನ್ ಬದಲಿಸೋದಾ?

ಎರಡು ಟ್ರ್ಯಾಕ್ಟರ್‌ಗಳನ್ನ ಹಿಂದುಹಿಂದೆ ಕಟ್ಟಿ ಎಳೆಸೋ ಪಂಜಾಬ್ ಕಡೆಯ ಟೋಚನ್ ವಿಡಿಯೊಗಳು ನಮ್ಮ ಹುಡುಗರ ಮೊಬೈಲಲ್ಲೂ ಓಡ್ತಾ ಇವೆ. ಅದನ್ನ ನೋಡಿದ ಮೇಲೆ ಮನೆಯ ಹದಿನೈದು ವರ್ಷದ 35 ಎಚ್‌ಪಿ ಗಾಡಿ ಮೇಲೆ ಕಣ್ಣು ಬೀಳುತ್ತೆ. ರೋಟವೇಟರ್ ಇಳಿಸಿದ್ರೆ ಏದುಸಿರು ಬಿಡುತ್ತೆ. ಟರ್ಬೊ ಕೂರಿಸೋಣವಾ, ಇಲ್ಲಾ 50 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಹಾಕೋಣವಾ? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಟರ್ಬೊ ಬೇಡವೇ ಬೇಡ. ಎಂಜಿನ್ ಬದಲಾವಣೆ ಒಂದೇ ಒಂದು ಸಂದರ್ಭದಲ್ಲಿ ಸರಿ.

ಟರ್ಬೊ ಅನ್ನೋದೇ ಕೆಟ್ಟದ್ದು ಅಂತಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯೋಕೆ ಸುಮಾರು 10,000 ಲೀಟರ್ ಗಾಳಿ ಬೇಕು. ಸಾದಾ ಎಂಜಿನ್, ಪಿಸ್ಟನ್ ಕೆಳಗಿಳಿದಾಗ ತಾನಾಗಿ ಬಂದಷ್ಟು ಗಾಳಿಯನ್ನಷ್ಟೇ ಎಳ್ಕೊಳ್ಳುತ್ತೆ. ಟರ್ಬೊದಲ್ಲಿ ಹೊರಗೆ ಹೋಗೋ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದೇ ಶಾಫ್ಟಿನ ಇನ್ನೊಂದು ಚಕ್ರ ಗಾಳಿಯನ್ನ ಒತ್ತಿ ತುಂಬುತ್ತೆ. ಕಾಫಿ ಸೀಮೆಯಲ್ಲಿ, ಸಾವಿರ ಮೀಟರ್ ಎತ್ತರದಲ್ಲಿ, ಗಾಳಿ ಸುಮಾರು ಶೇ 10ರಷ್ಟು ತೆಳು. ಅಲ್ಲಿ ಇದರ ಲಾಭ ಚೆನ್ನಾಗೇ ಗೊತ್ತಾಗುತ್ತೆ. ಆದ್ರೆ ಕಂಪನಿಯಿಂದಲೇ ಟರ್ಬೊ ಜೊತೆ ಬರೋ ಎಂಜಿನ್ನಿನ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಆಯಿಲ್ ಪಂಪ್, ರೇಡಿಯೇಟರ್ ಎಲ್ಲವನ್ನೂ ಆ ಒತ್ತಡ, ಆ ಬಿಸಿಗೆ ಲೆಕ್ಕ ಹಾಕಿ ಮಾಡಿರ್ತಾರೆ.

ನಿಮ್ಮ ಹಳೇ ಎಂಜಿನ್‌ಗೆ ಗಾಳಿ ಮಾತ್ರ ಹೆಚ್ಚು ಕೊಟ್ರೆ ಹೇಳಿಕೊಳ್ಳುವಂಥ ಪವರ್ ಬರಲ್ಲ, ಡೀಸೆಲ್ ಪಂಪಿನ ಸೆಟ್ಟಿಂಗೂ ಏರಿಸಬೇಕು. ಏರಿಸಿದ್ರೆ ಸವೆದ ಲೈನರ್, ರಿಂಗುಗಳ ಮೇಲೇ ಹೊರೆ. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲದು, ನಿಂತಿರೋದು ಬರೀ ಆಯಿಲ್ ಪದರದ ಮೇಲೆ. ಅದಕ್ಕೇ ಆಫ್ ಮಾಡೋ ಮುಂಚೆ ಒಂದೆರಡು ನಿಮಿಷ ಸ್ಲೋದಲ್ಲಿ ಓಡಿಸಬೇಕು. ನಮ್ಮ ಡ್ರೈವರ್‌ಗಳೋ, ಟೀ ಫ್ಲಾಸ್ಕ್ ಕಂಡ ಕೂಡಲೇ ಸ್ಟಾಪರ್ ಎಳೆದು ಜಿಗಿಯೋರು!

ಇನ್ನು ದೊಡ್ಡ ಎಂಜಿನ್ ವಿಚಾರ. ಸಾಮಾನ್ಯ ಟ್ರ್ಯಾಕ್ಟರ್‌ಗೆ ಲಾರಿ ಥರ ಬೇರೆ ಚಾಸಿ ಇರಲ್ಲ. ಎಂಜಿನ್ ಬ್ಲಾಕೇ ಬೆನ್ನುಮೂಳೆ. ಮುಂದೆ ಆಕ್ಸಲ್ ಕಡೆಗೂ ಹಿಂದೆ ಕ್ಲಚ್ ಹೌಸಿಂಗ್‌ಗೂ ಬೋಲ್ಟ್ ಆಗಿರುತ್ತೆ. ಬೇರೆ ಮಾಡೆಲ್ ಎಂಜಿನ್ ಕೂರಿಸ್ಬೇಕಂದ್ರೆ ಲೇತಿನಲ್ಲಿ ನಡುವೆ ಪ್ಲೇಟ್ ಮಾಡಿಸ್ಬೇಕು. ಸೆಂಟರ್ ಕೂದಲೆಳೆಯಷ್ಟು ತಪ್ಪಿದ್ರೂ ಕ್ಲಚ್ ಶಾಫ್ಟು, ಬೇರಿಂಗು ಹೋಗುತ್ತೆ. ಸರಿಯಾಗೇ ಕೂತ್ರೂ, 35 ಎಚ್‌ಪಿಗೆ ಮಾಡಿದ ಗೇರು, ಕ್ರೌನ್ ಪಿನಿಯನ್ 50ರ ಭಾರ ಹೊರಬೇಕು. ಗಾಡಿ ತೂಕ ಸಾಲದೆ ಚಕ್ರ ಸುಮ್ನೆ ಸ್ಲಿಪ್ ಆಗೋದು ಬೇರೆ. ಈ ಮಾತು ಟರ್ಬೊಗೂ ಅನ್ವಯಿಸುತ್ತೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ ಗಾಡಿ ಹೊಂದದ ಹಾಗೆ ಮಾರ್ಪಾಡು ಮಾಡೋ ಹಾಗಿಲ್ಲ. ಕಬ್ಬಿನ ಲೋಡ್ ಜೊತೆ ರಸ್ತೆಯಲ್ಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕ್ಲೇಮಿಗೆ ಎಂಜಿನ್ ನಂಬರ್ ಕೇಳ್ತಾರೆ. ಆಗ ಮೆಕ್ಯಾನಿಕ್ ಜೊತೆಗೆ ಬರಲ್ಲ.

ಹಾಗಾದ್ರೆ ಎಂಜಿನ್ ಬದಲಿಸೋದು ಯಾವಾಗ ಸರಿ? ಬ್ಲಾಕ್ ಸೀಳಿ, ರಿಪೇರಿಗೆ ಸಿಗದ ಸ್ಥಿತಿಗೆ ಬಂದಾಗ. ಆಗಲೂ ಅದೇ ಮಾಡೆಲ್ಲು, ಅದೇ ಎಚ್‌ಪಿ. ಬಿಲ್ ಇಲ್ಲದ ಗುಜರಿ ಎಂಜಿನ್ ಎಷ್ಟೇ ಅಗ್ಗ ಇರಲಿ, ಮುಟ್ಟಬೇಡಿ. ಕೊಳ್ಳೋ ಮೊದಲು ಸ್ಟಾರ್ಟ್ ಮಾಡಿಸಿ ಆಯಿಲ್ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ದಬದಬ ಬಂದ್ರೆ ಅದೂ ಸವೆದದ್ದೇ. ಆರ್‌ಟಿಒ ಕಚೇರಿಯಲ್ಲಿ ಅನುಮತಿ ಕೇಳಿ, ಹೊಸ ನಂಬರ್ ಆರ್‌ಸಿಗೆ ಹತ್ತಿಸಿ.

ಇಷ್ಟು ದೂರ ಹೋಗೋ ಮುಂಚೆ ಏರ್ ಕ್ಲೀನರ್ ಬಿಚ್ಚಿ ನೋಡಿದ್ದೀರಾ? ನಾಜಲ್ ಟೆಸ್ಟ್, ಪಂಪ್ ಕ್ಯಾಲಿಬ್ರೇಷನ್, ವಾಲ್ವ್ ಗ್ಯಾಪ್ ಮಾಡಿಸಿ. ಕಳೆದುಹೋಗಿದ್ದ ಎಚ್‌ಪಿ ಎಷ್ಟೋ ಸಲ ಅಲ್ಲೇ ವಾಪಸ್ ಸಿಗುತ್ತೆ. ಸಿಗದಿದ್ರೆ ಬೋರ್ ಕೆಲಸ.

ಆಮೇಲೂ ಎಳೀದಿದ್ರೆ ತಪ್ಪು ಎಂಜಿನ್ನಿಂದಲ್ಲ, 35 ಎಚ್‌ಪಿ ಹಿಂದೆ 6 ಅಡಿ ರೋಟವೇಟರ್ ಕಟ್ಟಿದ್ದು. ಅದನ್ನ ಮಾರಿ ಚಿಕ್ಕದು ತಗೊಳ್ಳಿ. ಸಾವಯವದವನಾಗಿ ಇನ್ನೊಂದು ಮಾತು: ಮಣ್ಣನ್ನ ಪದೇಪದೇ ಪುಡಿ ಮಾಡೋದು ಎರೆಹುಳಕ್ಕೂ ಒಳ್ಳೇದಲ್ಲ. ನಿಜವಾಗಿ ದೊಡ್ಡ ಗಾಡಿ ಬೇಕಾಗೋದು ವರ್ಷಕ್ಕೆ ನಾಲ್ಕೈದು ದಿನ ಅಷ್ಟೇ ಅಲ್ವಾ? ಅದಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನ ಊರೆಲ್ಲ ಅಲ್ಲೇ ಕ್ಯೂ ನಿಲ್ಲುತ್ತೆ, ಒಂದು ವಾರ ಮುಂಚೆಯೇ ಹೋಗಿ ಕೇಳಿಡಿ.