ವಿಮಾನ ಪ್ರಯಾಣದಲ್ಲಿ ಗಾಯಗೊಂಡವರ ಹಕ್ಕು ಮತ್ತು ಎರಡು ವರ್ಷದ ಗಡುವು

ವಿಮಾನದೊಳಗೆ, ಅದರ ಏಣಿಯ ಮೇಲೆ, ಟರ್ಮಿನಲ್‌ನ ಒದ್ದೆ ನೆಲದ ಮೇಲೆ, ಹೀಗೆ ಎಲ್ಲಿ ಗಾಯವಾದರೂ ಪರಿಹಾರ ಕೇಳಲು ಭಾರತದ ಕಾನೂನಿನಲ್ಲಿ ದಾರಿ ಇದೆ. ಆದರೆ ದಾರಿ ಒಂದೇ ಅಲ್ಲ. ಏಟು ಬಿದ್ದ ಜಾಗ ಯಾವುದು ಎಂಬುದರ ಮೇಲೆ ಯಾವ ಕಾಯ್ದೆ ಅನ್ವಯಿಸುತ್ತದೆ, ಯಾರು ಹೊಣೆ, ಎಷ್ಟು ದಿನದೊಳಗೆ ಕೇಳಬೇಕು ಎಂಬುದೆಲ್ಲ ನಿಂತಿದೆ. ಇದು ತಿಳಿಯದ ಗಾಯಾಳು ಸಿಬ್ಬಂದಿ ಹಚ್ಚಿದ ಮುಲಾಮು, ಒಂದು ಕ್ಷಮಾಪಣೆ, ಮುಂದಿನ ಪ್ರಯಾಣದ ವೋಚರ್ ಇಷ್ಟಕ್ಕೇ ಸಮಾಧಾನಪಟ್ಟು ಮನೆಗೆ ಮರಳುತ್ತಾನೆ. ನೋವು ಬಲಿತು, ಶಸ್ತ್ರಚಿಕಿತ್ಸೆಯಾಗಿ, ರಜೆ ಮುಗಿದು ಸಂಬಳ ಕಡಿತವಾದ ಮೇಲೆ ವಕೀಲರ ಬಾಗಿಲು ತಟ್ಟುವ ಹೊತ್ತಿಗೆ ಗಡುವೇ ದಾಟಿರುತ್ತದೆ.

ವಿಮಾನದಲ್ಲಿ ಆಗುವ ಗಾಯಕ್ಕೆ ಮೂಲ ಕಾನೂನು 1972ರ ವಾಯು ಸಾರಿಗೆ ಕಾಯ್ದೆ, ಅಂದರೆ ವಕೀಲರ ಬಾಯಲ್ಲಿ ಕ್ಯಾರೇಜ್ ಬೈ ಏರ್ ಆಕ್ಟ್. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಒಪ್ಪಂದದ ನಿಯಮಗಳು ಈ ಕಾಯ್ದೆಯ ಮೂರನೇ ಅನುಸೂಚಿಯಾಗಿ ಸೇರ್ಪಡೆಯಾದವು. ಅದರ 17ನೇ ನಿಯಮ ಹೇಳುವುದು ಇಷ್ಟು: ವಿಮಾನದೊಳಗಾಗಲಿ, ಹತ್ತುವ ಅಥವಾ ಇಳಿಯುವ ಹಂತದಲ್ಲಾಗಲಿ ನಡೆದ ಅಪಘಾತದಿಂದ ಪ್ರಯಾಣಿಕನ ದೇಹಕ್ಕೆ ಪೆಟ್ಟಾದರೆ ಅಥವಾ ಸಾವು ಸಂಭವಿಸಿದರೆ ಆ ನಷ್ಟಕ್ಕೆ ವಿಮಾನಯಾನ ಸಂಸ್ಥೆಯೇ ಹೊಣೆ. ಸಂಸ್ಥೆ ನಿರ್ಲಕ್ಷ್ಯ ತೋರಿತ್ತು ಎಂದು ಗಾಯಾಳು ಸಾಬೀತು ಮಾಡಬೇಕಿಲ್ಲ. ಅಪಘಾತ ಆಯಿತು, ಅದರಿಂದ ದೇಹಕ್ಕೆ ಪೆಟ್ಟಾಯಿತು, ನಷ್ಟ ಇಷ್ಟು ಎಂದು ತೋರಿಸಿದರೆ ಸಾಕು.

ಹಾಗಾಗಿ ವಾದವೆಲ್ಲ ‘ಅಪಘಾತ’ ಎಂಬ ಪದದ ಸುತ್ತ ನಡೆಯುತ್ತದೆ. ಒಪ್ಪಂದದಲ್ಲಿ ಅದಕ್ಕೆ ವ್ಯಾಖ್ಯೆ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲಿ ಹಾಕಿದ ಅಳತೆಗೋಲನ್ನೇ ಬೇರೆ ದೇಶಗಳ ನ್ಯಾಯಾಲಯಗಳೂ ಬಹುಮಟ್ಟಿಗೆ ಹಿಡಿದಿವೆ: ಪ್ರಯಾಣಿಕನ ದೇಹಕ್ಕೆ ಹೊರಗಿನದಾದ, ಅನಿರೀಕ್ಷಿತವಾದ ಅಥವಾ ಅಸಾಮಾನ್ಯವಾದ ಘಟನೆಯೇ ಅಪಘಾತ. ಆ ಮೊಕದ್ದಮೆಯಲ್ಲಿ ವಿಮಾನ ಇಳಿಯುವಾಗ ಪ್ರಯಾಣಿಕರೊಬ್ಬರ ಒಂದು ಕಿವಿ ಕಿವುಡಾಗಿತ್ತು. ಆದರೆ ಒಳಗಿನ ಗಾಳಿಯೊತ್ತಡದ ವ್ಯವಸ್ಥೆ ಎಂದಿನಂತೆಯೇ ಕೆಲಸ ಮಾಡಿತ್ತು. ಎಲ್ಲವೂ ಸರಿಯಾಗಿ ನಡೆದಿರುವಾಗ ದೇಹ ತನ್ನೊಳಗಿನ ಕಾರಣಕ್ಕೆ ತೊಂದರೆಗೊಳಗಾದರೆ ಅದು ಅಪಘಾತವಲ್ಲ ಎಂದಿತು ನ್ಯಾಯಾಲಯ. 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ವಿಮಾನದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಗಾಳಿಯೊತ್ತಡ ಕಾಯುವ ಸ್ವಿಚ್ ಹಾಕುವುದನ್ನು ಸಿಬ್ಬಂದಿ ಮರೆತರು. ಹಲವರ ಮೂಗು, ಕಿವಿಯಲ್ಲಿ ರಕ್ತ ಬಂತು. ವಿಮಾನ ಮುಂಬೈಗೆ ಮರಳಿತು. ಎರಡೂ ಕಡೆ ಪೆಟ್ಟಾದದ್ದು ಕಿವಿಗೇ. ಈ ಅಳತೆಗೋಲಿಟ್ಟು ನೋಡಿದರೆ ಮೊದಲನೆಯದಕ್ಕೆ ಪರಿಹಾರವಿಲ್ಲ, ಎರಡನೆಯದಕ್ಕೆ ಇದೆ.

ಗಂಟೆಗಟ್ಟಲೆ ಕೂತು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಅಪಘಾತವಲ್ಲ ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 2005ರಲ್ಲಿ ತೀರ್ಮಾನಿಸಿತು. ಆದರೆ ಆಸ್ತಮಾ ಇದ್ದ ಪ್ರಯಾಣಿಕರನ್ನು ಸಿಗರೇಟು ಹೊಗೆಯಿಂದ ದೂರದ ಸೀಟಿಗೆ ಕಳಿಸಲು ಗಗನಸಖಿ ಮತ್ತೆ ಮತ್ತೆ ನಿರಾಕರಿಸಿದ್ದು ಅಪಘಾತವೇ ಎಂದು ಅಮೆರಿಕದ ನ್ಯಾಯಾಲಯ 2004ರಲ್ಲಿ ಹೇಳಿತು. ತಂದೆಯ ಮುಂದಿನ ಟ್ರೇ ಮೇಲಿಟ್ಟ ಬಿಸಿ ಕಾಫಿ ಮಗುವಿನ ಮೈಮೇಲೆ ಚೆಲ್ಲಿದ್ದೂ ಅಪಘಾತ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಲೋಟ ಯಾಕೆ ಜಾರಿತು ಎಂದು ಮಗುವಿನ ಕಡೆಯವರು ವಿವರಿಸಬೇಕಾಗಿರಲಿಲ್ಲ. ವಿದೇಶಿ ತೀರ್ಪುಗಳಿಗೆ ಭಾರತದ ನ್ಯಾಯಾಲಯಗಳು ಕಟ್ಟುಬಿದ್ದಿಲ್ಲ. ಆದರೂ ಒಪ್ಪಂದದ ಮಾತು ಎಲ್ಲ ಕಡೆ ಒಂದೇ ಆದ್ದರಿಂದ ಅವಕ್ಕೆ ಇಲ್ಲೂ ತೂಕವಿದೆ. ದೇಹಕ್ಕೆ ಪೆಟ್ಟಾಗದೆ ಬರೀ ಮನಸ್ಸಿಗಾದ ಆಘಾತಕ್ಕೆ ಈ ನಿಯಮದಡಿ ಪರಿಹಾರ ಸಿಗುವುದು ಕಷ್ಟ.

ವಿಮಾನ ಆಕಾಶದಲ್ಲಿ ಜೋರಾಗಿ ಕುಲುಕಿ ಆಗುವ ಗಾಯಗಳು ಈಚೆಗೆ ಹೆಚ್ಚು ಸುದ್ದಿಯಾಗಿವೆ. 2022ರ ಮೇ 1ರಂದು ಮುಂಬೈಯಿಂದ ದುರ್ಗಾಪುರಕ್ಕೆ ಹೋಗುತ್ತಿದ್ದ ವಿಮಾನದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2024ರ ಮೇ 21ರಂದು ಲಂಡನ್–ಸಿಂಗಪುರ ವಿಮಾನದಲ್ಲಿ ಒಬ್ಬರು ಸತ್ತು ಹಲವರಿಗೆ ಬೆನ್ನುಮೂಳೆಯ ಪೆಟ್ಟಾಯಿತು; ಸಣ್ಣ ಗಾಯದವರಿಗೆ 10,000 ಡಾಲರ್, ದೊಡ್ಡ ಗಾಯದವರಿಗೆ ಮುಂಗಡವಾಗಿ 25,000 ಡಾಲರ್ ಕೊಡಲು ಸಂಸ್ಥೆ ಮುಂದಾಯಿತು. ಇಂಥ ಪ್ರಕರಣಗಳಲ್ಲಿ ಸಂಸ್ಥೆಗಳ ಕೈಯಲ್ಲಿರುವ ಮುಖ್ಯ ಅಸ್ತ್ರ 20ನೇ ನಿಯಮ. ಗಾಯಾಳುವಿನ ತಪ್ಪೂ ಗಾಯಕ್ಕೆ ಕಾರಣವಾಗಿದ್ದರೆ ಅಷ್ಟರಮಟ್ಟಿಗೆ ಪರಿಹಾರ ಇಳಿಯುತ್ತದೆ. ಸೀಟ್ ಬೆಲ್ಟ್ ದೀಪ ಉರಿಯುತ್ತಿತ್ತೇ, ಪ್ರಕಟಣೆ ಆಗಿತ್ತೇ, ಗಾಯಾಳು ಬೆಲ್ಟ್ ಕಟ್ಟಿದ್ದನೇ ಎಂಬ ಪ್ರಶ್ನೆಗಳಿಗೆ ಅಕ್ಕಪಕ್ಕದ ಸೀಟಿನವರ ಸಾಕ್ಷ್ಯ ಬೆಲೆಬಾಳುವುದು ಈ ಕಾರಣಕ್ಕೆ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪರಿಹಾರಕ್ಕೆ ಎರಡು ಹಂತಗಳಿವೆ. ಮೊದಲ ಹಂತದ ಮೊತ್ತದವರೆಗೆ ‘ನಮ್ಮ ತಪ್ಪಿಲ್ಲ’ ಎಂದು ಸಂಸ್ಥೆ ಜಾರಿಕೊಳ್ಳುವಂತಿಲ್ಲ. ಅದಕ್ಕಿಂತ ಮೇಲಿನ ನಷ್ಟಕ್ಕೂ ಸಂಸ್ಥೆ ಹೊಣೆಯೇ. ತನ್ನ ನಿರ್ಲಕ್ಷ್ಯ ಇರಲಿಲ್ಲ ಅಥವಾ ಪೂರ್ತಿ ತಪ್ಪು ಬೇರೆಯವರದು ಎಂದು ಅದೇ ರುಜುವಾತು ಮಾಡಿದರೆ ಮಾತ್ರ ಬಿಡುಗಡೆ. ಈ ಮೊದಲ ಹಂತ ಒಪ್ಪಂದದಲ್ಲಿ ಆರಂಭಕ್ಕೆ 1,00,000 ಎಸ್‌ಡಿಆರ್ ಇತ್ತು. 2024ರ ಡಿಸೆಂಬರ್ 28ರಿಂದ 1,51,880 ಆಗಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕಾಗಿ ಬಳಸುವ ಮಾನ. ಈ ಮೊತ್ತ ರೂಪಾಯಿಯಲ್ಲಿ ಒಂದೂವರೆ ಕೋಟಿಗೂ ಮೇಲೆ. ಆದರೆ ದೇಶದೊಳಗಿನ ಹಾರಾಟಕ್ಕೆ 2014ರ ಅಧಿಸೂಚನೆ ಗೊತ್ತುಮಾಡಿದ ಅಂಕಿ 20 ಲಕ್ಷ ರೂಪಾಯಿ. ಮಂಗಳೂರಿನಿಂದ ದುಬೈಗೆ ಹೊರಟವನ ಬೆನ್ನುಮೂಳೆಗೂ ಬೆಂಗಳೂರಿಗೆ ಹೊರಟವನ ಬೆನ್ನುಮೂಳೆಗೂ ಇಷ್ಟು ಅಂತರ ಇಡುವುದಕ್ಕೆ ಯಾವ ನ್ಯಾಯವೂ ಇಲ್ಲ. ಅಂಕಿಯನ್ನು ಏರಿಸಲು ಕೇಂದ್ರ ಸರ್ಕಾರಕ್ಕೆ ಒಂದು ಅಧಿಸೂಚನೆ ಸಾಕು. ಅದನ್ನು ಹೊರಡಿಸಲೇಬೇಕು.

ಈ ಮೊತ್ತಗಳು ಕೇಳಿದ ಕೂಡಲೆ ಕೈಗೆ ಬರುವಂಥವಲ್ಲ ಎಂಬುದನ್ನು ಕರಾವಳಿ ಕಹಿಯಾಗಿ ಕಲಿತಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಪ್ರತಿ ಸಾವಿಗೂ ಕನಿಷ್ಠ ಒಂದು ಲಕ್ಷ ಎಸ್‌ಡಿಆರ್, ಅಂದರೆ ಆಗಿನ ಸುಮಾರು 75 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು: ನಷ್ಟ ಎಷ್ಟೆಂದು ತೋರಿಸದೆ ಯಾವ ಕನಿಷ್ಠ ಮೊತ್ತವೂ ಇಲ್ಲ. ಇನ್ನೊಂದು ಕುಟುಂಬ ಹಿಡಿದ ಹಾದಿ ಬೇರೆ. ತೀರಿಕೊಂಡವರ ಸಂಬಳ, ಭತ್ಯೆಗಳ ದಾಖಲೆ ಹಿಡಿದು ಅದು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು. ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಆ ಕುಟುಂಬಕ್ಕೆ ಒಟ್ಟು 7.64 ಕೋಟಿ ರೂಪಾಯಿ ನಿಗದಿ ಮಾಡಿತು. ಒಂದೇ ವಿಮಾನ, ಒಂದೇ ದುರಂತ. ಮೊತ್ತವನ್ನು ತೀರ್ಮಾನಿಸಿದ್ದು ಕಾಗದಪತ್ರ. ಗಾಯದ ಪ್ರಕರಣಕ್ಕೂ ಇದೇ ಮಾತು. ಆಸ್ಪತ್ರೆ ಬಿಲ್ಲು, ಔಷಧಿ ಚೀಟಿ, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಅಂಗವೈಕಲ್ಯ ಉಳಿದರೆ ಅದರ ಪ್ರಮಾಣಪತ್ರ ಇಲ್ಲದೆ ಗಟ್ಟಿ ಪರಿಹಾರ ಇಲ್ಲ.

ಟರ್ಮಿನಲ್ ಒಳಗಿನ ಕಥೆ ಬೇರೆ. ಚೆಕ್-ಇನ್ ಸಾಲಿನಲ್ಲಿ, ಎಸ್ಕಲೇಟರ್ ಮೇಲೆ, ಶೌಚಾಲಯದ ಮುಂದೆ ಜಾರಿ ಬಿದ್ದದ್ದು ಸಾಮಾನ್ಯವಾಗಿ ‘ಹತ್ತುವ ಹಂತ’ ಎನಿಸುವುದಿಲ್ಲ. ಅಲ್ಲಿ ಹೊಣೆ ನಿಲ್ದಾಣ ನಡೆಸುವವರದು, ಅಥವಾ ಆ ಕೆಲಸದ ಗುತ್ತಿಗೆ ಹಿಡಿದವರದು, ಮತ್ತು ನಿರ್ಲಕ್ಷ್ಯವನ್ನು ಗಾಯಾಳುವೇ ತೋರಿಸಬೇಕು. ಬೆಂಗಳೂರಿನ ನಿಲ್ದಾಣವನ್ನು ಬಿಐಎಎಲ್, ಮಂಗಳೂರಿನದನ್ನು ಅದಾನಿ ಸಮೂಹ, ಹುಬ್ಬಳ್ಳಿ, ಬೆಳಗಾವಿ, ಮೈಸೂರಿನವನ್ನು ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತವೆ. ಪ್ರಾಧಿಕಾರ ಸರ್ಕಾರಿ ಸಂಸ್ಥೆಯಾದ್ದರಿಂದ ನಿರ್ವಹಣೆಯ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ನಿಲ್ದಾಣದ ಬಳಕೆ ಶುಲ್ಕ ಟಿಕೆಟ್ಟಿನಲ್ಲೇ ಸೇರಿರುವ ಕಡೆ ಪ್ರಯಾಣಿಕ ಹಣ ತೆತ್ತು ಸೇವೆ ಪಡೆದ ಗ್ರಾಹಕನೆಂದು ವಾದಿಸಬಹುದು. ಬೀಳ್ಕೊಡಲು ಬಂದ ನೆಂಟರಿಗೆ, ಟ್ಯಾಕ್ಸಿ ಚಾಲಕರಿಗೆ ಆ ಅನುಕೂಲ ಇಲ್ಲ. 2024ರ ಜೂನ್ 28ರ ಮಳೆಯಲ್ಲಿ ದೆಹಲಿ ನಿಲ್ದಾಣದ ಒಂದನೇ ಟರ್ಮಿನಲ್‌ನ ಚಾವಣಿ ಕುಸಿದಾಗ ಸತ್ತದ್ದು ಒಬ್ಬ ಕ್ಯಾಬ್ ಚಾಲಕ. ಸರ್ಕಾರ ಆಗ ಘೋಷಿಸಿದ ಹಣ ಪರಿಹಾರಧನವೇ ಹೊರತು ಕಾನೂನಿನ ಹೊಣೆಯ ಲೆಕ್ಕವಲ್ಲ. ಇಂಥವರು ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡಬಹುದು. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಿಲ್ದಾಣದ ಮುಂದಿನ ರಸ್ತೆಯಲ್ಲಿ ವಾಹನ ಗುದ್ದಿದರೆ ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ವಿಷಯ. ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ.

ಪ್ರಯಾಣಿಕನಿಗೆ ಹತ್ತಿರದ, ಅಗ್ಗದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಯಾವ ಆಯೋಗಕ್ಕೆ ಹೋಗಬೇಕು ಎಂಬುದು ಕೇಳುವ ಪರಿಹಾರವನ್ನಲ್ಲ, ಸೇವೆಗೆ ಕೊಟ್ಟ ಬೆಲೆಯನ್ನು ನೋಡಿ ತೀರ್ಮಾನವಾಗುತ್ತದೆ. 50 ಲಕ್ಷ ರೂಪಾಯಿಯವರೆಗಿನ ಬೆಲೆಗೆ ಜಿಲ್ಲಾ ಆಯೋಗ; ವಿಮಾನದ ಟಿಕೆಟ್ಟು ಅದನ್ನು ದಾಟುವುದಿಲ್ಲ. ಹೀಗಾಗಿ ಕೋಟಿ ರೂಪಾಯಿ ಪರಿಹಾರದ ದೂರೂ ಜಿಲ್ಲಾ ಕೇಂದ್ರದಲ್ಲೇ ಸಲ್ಲುತ್ತದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. ದೂರುದಾರ ವಾಸವಿರುವ ಅಥವಾ ದುಡಿಯುವ ಊರಿನ ಆಯೋಗಕ್ಕೇ ಹೋಗಬಹುದಾದ್ದರಿಂದ ಮುಂಬೈಯಲ್ಲಿ ಗಾಯಗೊಂಡ ಕಲಬುರಗಿಯವರು ಕಲಬುರಗಿಯಲ್ಲೇ ದೂರು ಕೊಡಬಹುದು. ವಿದೇಶಿ ಸಂಸ್ಥೆಯ ವಿಮಾನದಲ್ಲಿ ಗಾಯವಾದರೂ ಹೆದರಬೇಕಾಗಿಲ್ಲ. ಪ್ರಯಾಣದ ಕೊನೆಯ ಊರು ಭಾರತದಲ್ಲಿದ್ದರೆ, ಅಥವಾ ಗಾಯಾಳುವಿನ ಕಾಯಂ ಮನೆ ಇಲ್ಲಿದ್ದು ಆ ಸಂಸ್ಥೆ ಇಲ್ಲಿ ವ್ಯವಹಾರ ನಡೆಸುತ್ತಿದ್ದರೆ, 33ನೇ ನಿಯಮದ ಪ್ರಕಾರ ಭಾರತದಲ್ಲೇ ಮೊಕದ್ದಮೆ ಹೂಡಬಹುದು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಇದು ದೊಡ್ಡ ಆಸರೆ.

ಗಡುವಿನ ವಿಷಯದಲ್ಲಿ ಮಾತ್ರ ಕಾನೂನು ನಿಷ್ಠುರ. ವಿಮಾನ ಗಮ್ಯ ಸೇರಿದ ದಿನದಿಂದ, ಅಥವಾ ಸೇರಬೇಕಿದ್ದ ದಿನದಿಂದ, ಎರಡು ವರ್ಷದೊಳಗೆ ಮೊಕದ್ದಮೆ ಹೂಡದಿದ್ದರೆ ಪರಿಹಾರದ ಹಕ್ಕೇ ಅಳಿದುಹೋಗುತ್ತದೆ ಎನ್ನುತ್ತದೆ 35ನೇ ನಿಯಮ. ಗ್ರಾಹಕ ಕಾಯ್ದೆಯ ಎರಡು ವರ್ಷಕ್ಕೆ ತಕ್ಕ ಕಾರಣ ಕೊಟ್ಟರೆ ರಿಯಾಯಿತಿ ಉಂಟು. 35ನೇ ನಿಯಮದಲ್ಲಿ ಅಂಥ ಮಾತೇ ಇಲ್ಲ. ಸಂಸ್ಥೆಯ ಜೊತೆ ಇಮೇಲ್ ಓಡಾಡುತ್ತಿದೆ, ವಿಮೆಯವರು ಪರಿಶೀಲಿಸುತ್ತಿದ್ದಾರೆ ಎಂದು ಕಾಯುತ್ತ ಕೂತರೆ ಗಡಿಯಾರ ನಿಲ್ಲುವುದಿಲ್ಲ. ಸರ್ಕಾರದ ಏರ್‌ಸೇವಾ ಪೋರ್ಟಲ್‌ಗೆ ಹಾಕಿದ ದೂರೂ ಮೊಕದ್ದಮೆ ಅಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ವಿಧಿಸುವ ದಂಡ ಗಾಯಾಳುವಿಗೆ ಸೇರುವುದೂ ಇಲ್ಲ. 2024ರ ಫೆಬ್ರುವರಿಯಲ್ಲಿ ಮುಂಬೈ ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಗದೆ ನಡೆದುಹೋದ ವೃದ್ಧರೊಬ್ಬರು ಕುಸಿದು ಸತ್ತಾಗ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ಅಂಥ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ.

ಮೊಕದ್ದಮೆಯ ಬಲ ಮೊದಲ ದಿನದ ಕೆಲಸದಲ್ಲಿದೆ. ವಿಮಾನದಲ್ಲಾದ ಗಾಯವನ್ನು ಇಳಿಯುವ ಮುಂಚೆಯೇ ಸಿಬ್ಬಂದಿಯ ವರದಿಗೆ ಸೇರಿಸಿ, ಅದರ ಸಂಖ್ಯೆ ಅಥವಾ ಪ್ರತಿ ಕೇಳಬೇಕು. ನಿಲ್ದಾಣದ ವೈದ್ಯಕೀಯ ಕೊಠಡಿಯ ಚೀಟಿ, ಬೋರ್ಡಿಂಗ್ ಪಾಸ್, ಒದ್ದೆ ನೆಲದ ಅಥವಾ ಮುರಿದ ಮೆಟ್ಟಿಲಿನ ಫೋಟೊ, ನೋಡಿದವರ ಫೋನ್ ನಂಬರ್ ಜೋಪಾನ ಮಾಡಬೇಕು. ಅದೇ ದಿನ ಆಸ್ಪತ್ರೆಗೆ ಹೋಗಿ, ಗಾಯ ಎಲ್ಲಿ, ಹೇಗೆ ಆಯಿತು ಎಂಬುದನ್ನು ವೈದ್ಯರಿಂದ ಬರೆಸಬೇಕು. ಪೆಟ್ಟು ದೊಡ್ಡದಾದರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಮಾಡಿಸಿ ವೂಂಡ್ ಸರ್ಟಿಫಿಕೇಟ್ ಪಡೆಯಬೇಕು. ಸಿಸಿಟಿವಿ ದೃಶ್ಯಗಳು ಬಹುಕಾಲ ಉಳಿಯುವುದಿಲ್ಲವಾದ್ದರಿಂದ ಅವನ್ನು ಕಾಪಾಡಿ ಇಡಿ ಎಂದು ನಿಲ್ದಾಣಕ್ಕೂ ಏರ್‌ಲೈನ್ಸಿಗೂ ಬರಹದಲ್ಲಿ ಕೇಳಬೇಕು. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿರುವ ಯಾವ ಕಾಗದಕ್ಕೂ ಚಿಕಿತ್ಸೆ ಮುಗಿಯುವ ಮುನ್ನ ಸಹಿ ಹಾಕಬಾರದು. ಮುಂಗಡ ಹಣ ಪಡೆದರೆ ಹಕ್ಕು ಹೋಗುವುದಿಲ್ಲ, ಅದು ಕೊನೆಯ ಮೊತ್ತದಲ್ಲಿ ವಜಾ ಆಗುತ್ತದೆ. ಹಕ್ಕು ಹೋಗುವುದು ಆ ಸಹಿಯಿಂದ.

ಎಲ್ಲಿಂದ ಆರಂಭಿಸಬೇಕೆಂದು ತೋಚದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.